ಕಸುವಿಗೂ ಒಂದು ಹದವಿದೆ

“ನಮಗ್ಯಾತರ ವ್ಯಾಯಾಮ್ರೀ ಅಕ್ಕಾರ? ನಸುಕಿನಾಗ ಎದ್ದು ರಾತ್ರಿ ಮಲಗೂತನಕ ದುಡಿಯೋದ ವ್ಯಾಯಾಮ ಅಲ್ಲೇನು?”

ಈ ಮಾತನ್ನು ನೀವು ಒಮ್ಮೆಯೂ ಆಡಿಲ್ಲವೆಂದರೆ ನಾನು ನಂಬುವುದಿಲ್ಲ. ನಮ್ಮ ನಿಡಗುಂದಿಯ ಓಣಿಗಳಲ್ಲಂತೂ ಇದು ನಿತ್ಯದ ಮಾತು. ಮಾತಿನಲ್ಲಿ ಸುಳ್ಳೂ ಇಲ್ಲ. ನೀರಿನ ಕೊಡ, ಜೋಳದ ಚೀಲ, ಹಿಂಡಿದ ಬಟ್ಟೆಯ ಬುಟ್ಟಿ, ಕಂಕುಳಲ್ಲಿ ಕೂಸು – ಎಲ್ಲವನ್ನೂ ಎತ್ತಿ ಇಳಿಸುವವರು ನಾವೇ. 12 ಲೀಟರ್ ಹಿಡಿಯುವ ಕೊಡವೆಂದರೆ 12 ಕಿಲೋ ಭಾರ. ದಿನಕ್ಕೆ ಹತ್ತು ಕೊಡ ಹೊತ್ತರೆ 120 ಕಿಲೋ! ಹೀಗೆ ಲೆಕ್ಕ ಬರೆದಿಟ್ಟರೆ ಎಂಥ ಪೈಲವಾನನೂ ನಮ್ಮೆದುರು ತಲೆಬಾಗಿಸಬೇಕು.

ಆದರೆ ಸೋದರಿಯರೇ, ಒಂದು ಪ್ರಶ್ನೆ. ಇಪ್ಪತ್ತು ವರ್ಷ ಇಷ್ಟೆಲ್ಲ ಹೊತ್ತ ಮೇಲೆ ನಮ್ಮ ಮೈ ಕಲ್ಲಿನಂತಾಗಬೇಕಿತ್ತಲ್ಲವೇ? ನಲವತ್ತೈದು ದಾಟುವುದರೊಳಗೆ ಮಂಡಿ ಹಿಡಿದುಕೊಂಡು ‘ಅಯ್ಯಪ್ಪಾ’ ಎಂದು ಏಳುವ ಸ್ಥಿತಿ ಯಾಕೆ ಬಂತು? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ನನ್ನ ತಂಗಿಯ ಮಗಳಿಂದಾಗಿ. ಆ ಕತೆ ಆಮೇಲೆ ಹೇಳುತ್ತೇನೆ. ಮೊದಲು ಉತ್ತರ ಕೇಳಿ.

ದುಡಿಮೆ ಬೇರೆ, ತಾಲೀಮು ಬೇರೆ

ನಮ್ಮ ಮೈ ಒಬ್ಬ ಜಿಪುಣ ಯಜಮಾನನಿದ್ದಂತೆ. ಕೇಳಿದಷ್ಟೇ ಕೊಡುತ್ತದೆ, ಒಂದು ಕಾಸು ಹೆಚ್ಚಿಗೆ ಬಿಚ್ಚುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ತುಂಬಿದ ಕೊಡ ಎತ್ತುವಾಗ ರಟ್ಟೆ ನೋಯುತ್ತದೆ. ತಿಂಗಳು ಕಳೆಯುವುದರಲ್ಲಿ ರೂಢಿಯಾಗುತ್ತದೆ. ಆ ಒಂದು ತಿಂಗಳಲ್ಲಿ ಕಸುವು ಬೆಳೆದದ್ದು ನಿಜ. ಆಮೇಲೆ? ಅದೇ ಕೊಡ, ಅದೇ ಭಾರ, ಅದೇ ಎಡಗಡೆಯ ಸೊಂಟ. ಮೈ ‘ಇಷ್ಟು ಸಾಕು’ ಎಂದು ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ಮುಂದಿನ ಇಪ್ಪತ್ತು ವರ್ಷ ನಾವು ದಣಿಯುತ್ತೇವೆಯೇ ಹೊರತು ಬಲಿಯುವುದಿಲ್ಲ. ಅದರ ಮೇಲೆ ಸರಿಯಾದ ವಿಶ್ರಾಂತಿ ಇಲ್ಲ. ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದಷ್ಟು ಊಟ.

ತಾಲೀಮಿನ ರೀತಿಯೇ ಬೇರೆ. ಅದರಲ್ಲಿ ಮೂರು ಮಾತುಗಳಿವೆ. ರೂಢಿಯಾದದ್ದಕ್ಕಿಂತ ತುಸು ಹೆಚ್ಚಿನ ಭಾರ ಒಂದು. ಆ ಭಾರಕ್ಕೆ ಮೈ ಒಗ್ಗಿಕೊಳ್ಳಲು ಬಿಡುವು ಎರಡು. ಸ್ನಾಯು ಕಟ್ಟಿಕೊಳ್ಳಲು ಊಟ ಮೂರು. ಹೋಳಿಗೆಯ ಕಣಕ ನಿಮಗೆ ಗೊತ್ತಲ್ಲ, ನಾದಬೇಕು, ಎಣ್ಣೆ ಹಾಕಬೇಕು, ನೆನೆಯಲು ಬಿಡಬೇಕು. ಬರೀ ನಾದುತ್ತ ಕೂತರೆ ಹೋಳಿಗೆ ಆಗುತ್ತದೆಯೇ? ನಮ್ಮ ದುಡಿಮೆ ಬರೀ ನಾದುವುದು.

ಇದು ಹೊಸ ವಿದ್ಯೆಯೇನಲ್ಲ. ಗ್ರೀಕರ ಕಾಲದಲ್ಲಿ ಮೈಲೋ ಎಂಬ ಜಟ್ಟಿ ಎಳೆಗರುವೊಂದನ್ನು ದಿನಾ ಹೆಗಲಮೇಲೆ ಹೊತ್ತು ನಡೆಯುತ್ತಿದ್ದನಂತೆ. ಕರು ಬೆಳೆದಂತೆ ಅವನ ಕಸುವೂ ಬೆಳೆದು, ಕೊನೆಗೆ ಹೋರಿಯನ್ನೇ ಹೊರುವಂತಾದನಂತೆ. ಕತೆಯಲ್ಲಿ ಉಪ್ಪು ಖಾರ ಎಷ್ಟಿದೆಯೋ, ಒಳಗಿನ ತತ್ತ್ವ ಮಾತ್ರ ಅಪ್ಪಟ. ನಮ್ಮ ಗರಡಿಮನೆಗಳು ಈ ತತ್ತ್ವವನ್ನು ಬಳಸಿಕೊಂಡೇ ಬಂದಿವೆ. ವಿಜಯಪುರದಲ್ಲಿ ಸಂಕ್ರಾಂತಿಯ ಹೊತ್ತಿಗೆ ನಡೆಯುವ ಸಿದ್ಧೇಶ್ವರ ಜಾತ್ರೆಗೆ ನೀವು ಹೋಗಿದ್ದರೆ ಕುಸ್ತಿಯನ್ನೂ ಭಾರ ಎತ್ತುವ ಪಂದ್ಯವನ್ನೂ ನೋಡಿರಬಹುದು. ಅಲ್ಲಿ ಗುಂಡು ಎತ್ತುವವರು ಅದನ್ನೇ ಮೊದಲ ದಿನ ಎತ್ತಿದವರಲ್ಲ. ಸಣ್ಣದರಿಂದ ದೊಡ್ಡದಕ್ಕೆ ಏರಿದವರು.

ವೈದ್ಯರೂ ಇದನ್ನು ಒಪ್ಪಿದರು. 1940ರ ದಶಕದಲ್ಲಿ ಅಮೆರಿಕದ ಸೈನ್ಯದ ಆಸ್ಪತ್ರೆಯೊಂದರಲ್ಲಿ ಡಾ. ಡಿಲಾರ್ಮ್ ಎಂಬುವರು ಮೊಣಕಾಲು ಕೆಟ್ಟ ಸೈನಿಕರಿಗೆ ಭಾರವನ್ನೇ ಔಷಧಿಯಾಗಿ ಕೊಟ್ಟರು. ಭಾರವನ್ನು ಅಳೆದು, ಎಷ್ಟು ಸಲ ಎತ್ತಬೇಕೆಂದು ಎಣಿಸಿ, ವಾರವಾರಕ್ಕೆ ಏರಿಸಿದರು. ಹತ್ತು ಸಲದ ಮೂರು ಸುತ್ತು ಎಂದು ಇವತ್ತು ವ್ಯಾಯಾಮಶಾಲೆಗಳಲ್ಲಿ ಕೇಳಿಬರುವ ಲೆಕ್ಕ ಬಹುಮಟ್ಟಿಗೆ ಅವರಿಂದ ಬಂದದ್ದು.

ಓಡಿ ಓಡಿ ಸೋತ ಹುಡುಗಿ

ಇನ್ನು ತಂಗಿಯ ಮಗಳ ಕತೆ. ಇಪ್ಪತ್ತೊಂದರ ಹುಡುಗಿ. ಬಿ.ಎ. ಮುಗಿಸಿ ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದು ಹಟ ಹಿಡಿದವಳು. ಅಪ್ಪ ಒಂದು ವರ್ಷದ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಆಗದಿದ್ದರೆ ಬಂದ ವರನಿಗೆ ಒಪ್ಪಬೇಕು. ಆ ಪರೀಕ್ಷೆಯಲ್ಲಿ ಹೆಣ್ಣುಮಕ್ಕಳಿಗೆ 400 ಮೀಟರ್ ಓಟ, ಉದ್ದ ಇಲ್ಲವೆ ಎತ್ತರ ಜಿಗಿತ, 4 ಕಿಲೋ ಗುಂಡು ಎಸೆತ ಇರುತ್ತವೆ. ನಮ್ಮ ಮನೆಯಲ್ಲಿ ಉಳಿದು ತಯಾರಿ ನಡೆಸಿದ್ದಳು. ದಿನಾ ನಸುಕಿನಲ್ಲಿ ಎದ್ದು ಆಲಮಟ್ಟಿಯ ಕಡೆ ಓಡುವುದು, ಉಸಿರು ಕಟ್ಟುವತನಕ ಓಡುವುದು. ರವಿವಾರವೂ ಬಿಡುವಿಲ್ಲ. ಆರು ವಾರಕ್ಕೆ ಮೊಣಕಾಲಿನ ಕೆಳಗಿನ ಎಲುಬು ಮುಟ್ಟಿದರೆ ಅಳುವಷ್ಟು ನೋವು. ಗುಂಡು ಮೊದಲು ಎಲ್ಲಿ ಬೀಳುತ್ತಿತ್ತೋ ಅದಕ್ಕಿಂತ ಒಂದು ಗೇಣು ಹಿಂದೆ ಬೀಳತೊಡಗಿತು.

“ದೊಡ್ಡವ್ವಾ, ನನ್ನ ಕೈಲೆ ಆಗೂದಿಲ್ಲ ಬಿಡು” ಎಂದು ಒಂದು ದಿನ ಗೋಡೆಗೆ ಒರಗಿ ಕೂತಳು.

ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ಹಿರಿಯರಿದ್ದಾರೆ. ವಯಸ್ಸಿನಲ್ಲಿ ಊರೂರು ತಿರುಗಿ ಕುಸ್ತಿ ಹಿಡಿದವರು. ಅವರನ್ನು ಕರೆಸಿದೆ. ಅಜ್ಜ ಹುಡುಗಿಯ ಕತೆ ಕೇಳಿ ನಕ್ಕರು.

“ಏನವಾ ತಂಗಿ, ದಿನಾ ಹೊಲ ರಂಟಿ ಹೊಡದರ ಬೆಳಿ ಯಾವಾಗ ಬರಬೇಕು? ನಮ್ಮ ವಸ್ತಾದ ಹೇಳತಿದ್ದರು, ಇನ್ನೆರಡು ಸಲ ಆಗತೈತಿ ಅನ್ನೂವಾಗನ ಕಲ್ಲು ಕೆಳಗ ಇಡು ಅಂತ. ಇವತ್ತ ಪೂರಾ ಸೋತು ಮಲಗಿದರ ನಾಳೆ ತಾಲೀಮಿಗೆ ಯಾರು ಬರತಾರ?”

ಅವತ್ತೇ ಹಾಲಿನ ಲೆಕ್ಕದ ವಹಿಯ ಹಿಂದಿನ ಹಾಳೆ ತಿರುಗಿಸಿ ಹನ್ನೆರಡು ವಾರದ ಪಟ್ಟಿ ಹಾಕಿದೆವು. ಅಜ್ಜನ ಅನುಭವ, ಹುಡುಗಿ ತಂದ ಪುಸ್ತಕಗಳು, ನನ್ನ ಲೆಕ್ಕ ಇಡುವ ಚಟ – ಮೂರೂ ಸೇರಿದವು. ಮೊದಲು ಮಾತ್ರ ಆಸ್ಪತ್ರೆಗೆ ಕರೆದೊಯ್ದು ಕಾಲು ತೋರಿಸಿ, ರಕ್ತ ಪರೀಕ್ಷೆ ಮಾಡಿಸಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ರಕ್ತವೇ ಕಡಿಮೆಯಿದ್ದರೆ ಯಾವ ತಾಲೀಮೂ ಮೈಗೆ ಹತ್ತುವುದಿಲ್ಲ. ಇವಳಿಗೂ ಕಡಿಮೆಯೇ ಇತ್ತು. ಡಾಕ್ಟರು ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ಮೂರು ವಾರ ಓಟ ಬೇಡ, ನಡಿಗೆ ಸಾಕು ಎಂದರು.

ಹನ್ನೆರಡು ವಾರದ ಪಟ್ಟಿ

ಎಷ್ಟೇ ದೊಡ್ಡ ವ್ಯಾಯಾಮಶಾಲೆಗೆ ಹೋದರೂ ಮೈ ಮಾಡುವ ಕೆಲಸ ಐದೇ: ಕುಳಿತು ಏಳುವುದು, ಸೊಂಟದಲ್ಲಿ ಬಾಗಿ ಎತ್ತುವುದು, ತಳ್ಳುವುದು, ಎಳೆಯುವುದು, ಹೊತ್ತು ನಡೆಯುವುದು. ಇವು ಐದೂ ಪಟ್ಟಿಯಲ್ಲಿದ್ದರೆ ಮೈಯ ಯಾವ ಮೂಲೆಯೂ ಉಳಿಯುವುದಿಲ್ಲ.

ಸಾಮಾನಿಗೆ ಒಂದು ರೂಪಾಯಿ ಖರ್ಚಾಗಲಿಲ್ಲ. ಗಟ್ಟಿಯಾದ ಹಳೆಯ ಚೀಲದಲ್ಲಿ ಉಸುಕು ತುಂಬಿ ಕಿರಾಣಿ ಅಂಗಡಿಯ ಕಾಟಾದ ಮೇಲೆ ತೂಗಿಸಿ ತಂದೆವು. ಪ್ಲಾಸ್ಟಿಕ್ ಕೊಡಗಳಂತೂ ಇದ್ದೇ ಇದ್ದವು. ಒಂದು ಲೀಟರ್ ನೀರು ಒಂದು ಕಿಲೋ, ಆದ್ದರಿಂದ ಅಳತೆ ಸುಲಭ. ಚೀಲವನ್ನು ಎದೆಗೆ ಅವಚಿಕೊಂಡು ಬೈಠಕ್. ನೆಲದಿಂದ ಚೀಲ ಎತ್ತುವುದು. ಮಂಚದ ಅಂಚಿಗೆ ಕೈಯೂರಿ, ಆಮೇಲೆ ನೆಲಕ್ಕೆ ಇಳಿದು ದಂಡ. ಮುಂದಕ್ಕೆ ಬಾಗಿ ಒಂದು ಕೈಯಿಂದ ಕೊಡವನ್ನು ಪಕ್ಕೆಗೆ ಎಳೆಯುವುದು. ಎರಡೂ ಕೈಯಲ್ಲಿ ಕೊಡ ಹಿಡಿದು ಅಂಗಳದಲ್ಲಿ ನಡೆಯುವುದು. ಇಷ್ಟೇ.

ಸೋಮವಾರ, ಬುಧವಾರ, ಶುಕ್ರವಾರ ಭಾರದ ತಾಲೀಮು. ಮಂಗಳವಾರ ಮತ್ತು ಶನಿವಾರ ಗುಂಡು, ಕಾಲು ವಾಸಿಯಾದ ಮೇಲೆ ಓಟ. ಗುರುವಾರ ಸುಮ್ಮನೆ ನಡಿಗೆ, ರವಿವಾರ ಪೂರ್ತಿ ಬಿಡುವು.

ಮೊದಲ ನಾಲ್ಕು ವಾರ ಕಡಿಮೆ ಭಾರ. ಒಂದೊಂದನ್ನೂ 10ರಿಂದ 12 ಸಲ, ಎರಡು ಮೂರು ಸುತ್ತು. ಇದು ರೀತಿ ಕಲಿಯುವ ಕಾಲ. ಬೆನ್ನು ಬಿಲ್ಲಾಗಬಾರದು, ಭಾರ ಮೈಗೆ ಹತ್ತಿರವಿರಬೇಕು, ಕಾಲಿನ ಬಲದಿಂದ ಏಳಬೇಕು, ಎತ್ತುವಾಗ ಉಸಿರು ಬಿಡಬೇಕು. ಐದರಿಂದ ಎಂಟನೆಯ ವಾರ ಭಾರ ಹೆಚ್ಚು, 6ರಿಂದ 8 ಸಲ, ಮೂರು ನಾಲ್ಕು ಸುತ್ತು. ಒಂಬತ್ತರಿಂದ ಹನ್ನೊಂದರವರೆಗೆ ಇನ್ನೂ ಹೆಚ್ಚು ಭಾರ, ನಾಲ್ಕೈದೇ ಸಲ. ಜೊತೆಗೆ ಜಿಗಿತ, ಗುಂಡು ಎಸೆತ. ಸುತ್ತುಗಳ ನಡುವೆ ಎರಡು ಮೂರು ನಿಮಿಷ ಕೂಡುವುದು. ನಾಲ್ಕನೆಯ ಮತ್ತು ಎಂಟನೆಯ ವಾರ ಬೇಕೆಂತಲೇ ಭಾರ ಇಳಿಸಿ ಮೈಗೆ ಸಾವರಿಸಿಕೊಳ್ಳಲು ಬಿಟ್ಟೆವು. ಹನ್ನೆರಡನೆಯ ವಾರ ಎಲ್ಲವೂ ಅರ್ಧ. “ಕುಸ್ತಿ ನಾಕು ದಿನ ಐತಿ ಅನ್ನೂವಾಗ ನಾವೂ ಕೈ ಹಗುರ ಮಾಡತಿದ್ದಿವಿ” ಎಂದರು ಅಜ್ಜ.

ನೆಲದಿಂದ ಎತ್ತುವ ಚೀಲ 15 ಕಿಲೋದಿಂದ ಶುರುವಾಗಿತ್ತು. ಭಾರದ ವಾರಗಳಲ್ಲಿ ಎರಡೂವರೆ ಕಿಲೋ ಉಸುಕು ಕೂಡಿಸುತ್ತ ಹನ್ನೊಂದನೆಯ ವಾರಕ್ಕೆ 35 ಮುಟ್ಟಿತು. ಗುಂಡು ಎಸೆಯುವುದು ಕೈಯ ಕೆಲಸವೆಂದು ನಾನು ತಿಳಿದಿದ್ದೆ. ಅಲ್ಲ, ಅದು ಕಾಲು ಸೊಂಟಗಳಿಂದ ಹೊರಟು ಕೈಯಲ್ಲಿ ಮುಗಿಯುವ ಕೆಲಸ. ಕಾಲು ಬಲಿತಂತೆ ಗುಂಡು ತಾನಾಗಿ ಮುಂದೆ ಬಿತ್ತು. ಓಡುವ ದಾರಿ ಮೊದಲಿನ ಅರ್ಧಕ್ಕೆ ಇಳಿದಿದ್ದರೂ 400 ಮೀಟರಿನ ಹೊತ್ತು ಕಡಿಮೆಯಾಯಿತು.

ಇಷ್ಟರಲ್ಲಿ ಓಣಿಯ ಕಣ್ಣು ಬೀಳದಿರುತ್ತದೆಯೇ? “ಹೆಣ್ಣುಹುಡುಗಿ ಚೀಲ ಎತ್ತಿದರ ಗರ್ಭಕೋಶ ಜಾರತೈತ್ರಿ” ಎಂದರು ಒಬ್ಬರು. “ಗಂಡಸರಂಗ ರಟ್ಟಿ ಬಂದರ ಯಾರ ಲಗ್ನ ಆಗತಾರ?” ಎಂದರು ಇನ್ನೊಬ್ಬರು. ಹೆರಿಗೆಯಾದ ಹೊಸದರಲ್ಲಿ ಭಾರ ಎತ್ತಬಾರದೆಂಬ ಹಿರಿಯರ ಮಾತು ಸರಿಯೇ. ಕೆಳಹೊಟ್ಟೆಯಲ್ಲಿ ಏನೋ ಜಾರಿದಂತೆನಿಸುವವರು ವೈದ್ಯರನ್ನು ಕಾಣಲೇಬೇಕು. ಆದರೆ ಆರೋಗ್ಯವಾಗಿರುವ ಹುಡುಗಿ ರೀತಿಯರಿತು, ಹಂತಹಂತವಾಗಿ ಎತ್ತಿದರೆ ಕೇಡಿಲ್ಲ. ಇನ್ನು ರಟ್ಟೆಯ ಮಾತು. ಗಂಡಸರ ತೋಳು ಹಾಗೆ ಉಬ್ಬುವುದಕ್ಕೆ ಕಾರಣವಾದ ರಸ ನಮ್ಮ ಮೈಯಲ್ಲಿ ಎಷ್ಟೋ ಪಟ್ಟು ಕಡಿಮೆ. ಕಸುವು ಬರುತ್ತದೆ, ಗಾತ್ರ ಅಷ್ಟಾಗಿ ಬರುವುದಿಲ್ಲ. ನೆರೆಯ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಕರ್ಣಂ ಮಲ್ಲೇಶ್ವರಿ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಒಂದು ಎತ್ತಿನಲ್ಲಿ 110, ಇನ್ನೊಂದರಲ್ಲಿ 130, ಒಟ್ಟು 240 ಕಿಲೋ ಎತ್ತಿ ಕಂಚು ಗೆದ್ದರು. ಒಲಿಂಪಿಕ್ ಪದಕ ತಂದ ನಮ್ಮ ದೇಶದ ಮೊದಲ ಹೆಣ್ಣುಮಗಳು ಅವರೇ. ಆಗ ಅವರಿಗೆ ಮದುವೆಯೂ ಆಗಿತ್ತು. ಓಣಿಯವರಿಗೆ ನಾನು ಕೊಟ್ಟ ಉತ್ತರ ಇಷ್ಟೇ.

ಅತ್ತೆಯವರ ಪಟ್ಟಿ

ಇಷ್ಟೆಲ್ಲ ನಡೆಯುವಾಗ ನಮ್ಮತ್ತೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಅವರಿಗೆ 72. ನೆಲಕ್ಕೆ ಕೂತರೆ ಏಳಲಾಗದು ಎಂಬ ಅಂಜಿಕೆಯಿಂದ ಯಲಗೂರ ಹನುಮಪ್ಪನ ಗುಡಿಗೆ ಹೋಗುವುದನ್ನೇ ಎರಡು ವರ್ಷದಿಂದ ಬಿಟ್ಟಿದ್ದರು. “ಅಲ್ಲಿ ನಾಕು ಮಂದಿ ಕೈ ಹಿಡದು ಎಬ್ಬಿಸೂದು ನನಗ ಬ್ಯಾಡವಾ” ಎನ್ನುತ್ತಿದ್ದರು. ಒಂದು ದಿನ ಮೆಲ್ಲಗೆ ಕೇಳಿದರು, “ಆ ವಹಿಯೊಳಗ ನಂದೂ ಒಂದು ಗೆರಿ ಬರೀತೀಯೇನ?”

ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟು ಪಾಲು ಸ್ನಾಯು ಕರಗುತ್ತದೆಂದು ವೈದ್ಯರು ಹೇಳುತ್ತಾರೆ. ಮುಟ್ಟು ನಿಂತ ಮೇಲೆ ಎಲುಬೂ ಸವೆಯುತ್ತದೆ. ‘ವಯಸ್ಸಾಯಿತು, ಇನ್ನೇನು’ ಎಂದು ಬಿಡುವ ಮಾತಲ್ಲ ಇದು. 1990ರಲ್ಲಿ ಬಾಸ್ಟನ್ ನಗರದಲ್ಲಿ ಡಾ. ಮರಿಯಾ ಫಿಯಾಟರೋನ್ ಮತ್ತು ಅವರ ಸಂಗಡಿಗರು ವೃದ್ಧಾಶ್ರಮದಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಕೊನೆತನಕ ಉಳಿದ ಒಂಬತ್ತು ಮಂದಿಯ ಕಾಲಿನ ಕಸುವು ಸರಾಸರಿ ಎರಡೂವರೆ ಪಟ್ಟಿಗೂ ಮೀರಿ ಹೆಚ್ಚಿತು. ಇಬ್ಬರು ಕೋಲು ಬಿಟ್ಟು ನಡೆದರು.

ಅತ್ತೆಯವರಿಗೆ ರಕ್ತದೊತ್ತಡ ಇರುವುದರಿಂದ ಡಾಕ್ಟರನ್ನು ಕೇಳಿಯೇ ಶುರು ಮಾಡಿದೆವು. ಕುರ್ಚಿಯ ಮೇಲೆ ಎರಡು ದಿಂಬು ಇಟ್ಟು, ಕೈಯೂರದೆ ಐದು ಸಲ ಏಳುವುದು. ಕುಡಿಯುವಷ್ಟು ನೀರು ಕುಡಿದು, ದಣಿವಾರಿಸಿಕೊಂಡು ಇನ್ನೈದು ಸಲ. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಗೋಡೆಗೆ ಅಂಗೈಯೂರಿ ಮೈ ತಳ್ಳುವುದು. ಎರಡೂ ಕೈಯಲ್ಲಿ ನೀರಿನ ಚೊಂಬು ಹಿಡಿದು ಪಡಸಾಲೆಯಲ್ಲಿ ನಡೆಯುವುದು. ವಾರಕ್ಕೆ ಮೂರು ದಿನ. ಮೂರನೆಯ ವಾರ ಒಂದು ದಿಂಬು ತೆಗೆದೆವು, ಆರನೆಯ ವಾರ ಇನ್ನೊಂದು. ಆಮೇಲೆ ಕುರ್ಚಿ ಹೋಗಿ ಗಿಡ್ಡ ಸ್ಟೂಲು ಬಂತು, ಕೊನೆಗೆ ಮಣೆ. ಗಮನಿಸಿದಿರಾ? ಹುಡುಗಿಗೆ ಭಾರ ಏರಿಸಿದೆವು, ಇವರಿಗೆ ಎತ್ತರ ಇಳಿಸಿದೆವು. ತತ್ತ್ವ ಒಂದೇ. ಉಪ್ಪು ಎಲ್ಲ ಅಡಿಗೆಗೂ ಬೇಕು, ಪ್ರಮಾಣ ಮಾತ್ರ ಬೇರೆ.

ಐದನೆಯ ತಿಂಗಳಿಗೆ ಅತ್ತೆ ಯಲಗೂರಿಗೆ ಹೋಗಿ ಬಂದರು. ನೆಲಕ್ಕೆ ಕೂತರು, ಒಂದು ಕೈ ಮೊಣಕಾಲ ಮೇಲೆ ಊರಿ ತಾವೇ ಎದ್ದರು. ಪಕ್ಕದಲ್ಲಿ ನಿಂತಿದ್ದ ನಾನು ಕೈ ಚಾಚಿದ್ದೆ. ಅವರು ಅದನ್ನು ನೋಡಿಯೂ ನೋಡದವರಂತೆ ತೀರ್ಥಕ್ಕೆ ನಡೆದರು.

ಮೊದಲು ತಾಟು ಸರಿಯಾಗಲಿ

ಊಟದ ಮಾತಿಲ್ಲದೆ ಇದು ಪೂರ್ತಿಯಾಗದು. ಆರೋಗ್ಯವಂತರಿಗೆ ಮೈತೂಕದ ಒಂದು ಕಿಲೋಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕೆಂದು ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. 50 ಕಿಲೋ ತೂಗುವವರಿಗೆ ಸುಮಾರು 42 ಗ್ರಾಂ. ತಾಲೀಮು ಮಾಡುವವರಿಗೆ ಇನ್ನೂ ಹೆಚ್ಚು. 52 ಕಿಲೋದ ನಮ್ಮ ಹುಡುಗಿಗೆ 70 ಗ್ರಾಂ ಮುಟ್ಟಿಸಬೇಕೆಂದು ಲೆಕ್ಕ ಹಾಕಿದೆ.

ಬಾದಾಮಿ, ಡಬ್ಬಿಯ ಪುಡಿ ಯಾವುದೂ ಬೇಕಾಗಲಿಲ್ಲ. ನಾಲ್ಕು ಜೋಳದ ರೊಟ್ಟಿಯಲ್ಲಿ ಸುಮಾರು 20 ಗ್ರಾಂ. ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ 9. ಒಂದು ಹಿಡಿ ಮೊಳಕೆ ಬಂದ ಹೆಸರುಕಾಳಿನ ಎರಡು ಪಲ್ಯದಲ್ಲಿ 12. ಎರಡು ಚಮಚೆ ಶೇಂಗಾ ಹಿಂಡಿಯಲ್ಲಿ 7. ಎರಡು ತತ್ತಿಯಲ್ಲಿ 12. ಎರಡು ಲೋಟ ಹಾಲಿನಲ್ಲಿ 12. ಒಟ್ಟು 72. ತತ್ತಿ ತಿನ್ನದವರು ಮೊಸರು, ಕಡಲೆ, ಮಡಕಿಕಾಳು ಹೆಚ್ಚಿಸಬಹುದು. ರಕ್ತ ಕಡಿಮೆ ಇರುವವರು ಸೊಪ್ಪಿನ ಪಲ್ಯಕ್ಕೆ ಲಿಂಬೆ ಹಿಂಡಿಕೊಳ್ಳಿ. ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಚಹಾ ಬೇಡ.

ಆದರೆ ನಿಜವಾದ ತೊಡಕು ಲೆಕ್ಕದಲ್ಲಿರಲಿಲ್ಲ, ಬಡಿಸುವ ಸೌಟಿನಲ್ಲಿತ್ತು. ಇದೇ ಹುಡುಗಿಯ ತವರಲ್ಲಿ ತತ್ತಿ ಎರಡಿದ್ದರೆ ಎರಡೂ ತಮ್ಮನ ತಾಟಿಗೆ. ಗಟ್ಟಿ ಬೇಳೆ ಗಂಡಸರಿಗೆ, ತಿಳಿಸಾರು ಹೆಣ್ಣುಮಕ್ಕಳಿಗೆ. ಬಡಿಸುವವಳು ತಾಯಿಯೇ! ನಾವೆಲ್ಲ ಹಾಗೆಯೇ ಬೆಳೆದು ಬಂದವರು, ಆ ತಾಯಿಯನ್ನು ದೂರುವುದು ಹೇಗೆ? ತಂಗಿಯನ್ನು ಕೂಡಿಸಿಕೊಂಡು ವಹಿ ತೋರಿಸಿದೆ. “ನೋಡವಾ, ಹುಡುಗಿ 35 ಕಿಲೋ ಎತ್ತತಾಳ. ತಿಳಿಸಾರಿನ ಮ್ಯಾಲೆ ಎತ್ತೂದು ಆಗತೈತೇನು?” ಅವಳು ಮಾತಾಡಲಿಲ್ಲ. ಮರುವಾರ ಊರಿಗೆ ಹೋದಾಗ ತತ್ತಿ ಒಂದೊಂದು ಹಂಚಿಕೆಯಾಗಿತ್ತು.

ಹುಡುಗಿ ಮೈದಾನದ ಪರೀಕ್ಷೆಯಲ್ಲಿ ಪಾಸಾದಳು. ಬರವಣಿಗೆಯ ಪರೀಕ್ಷೆಯಲ್ಲಿ ಕೆಲವೇ ಅಂಕಗಳಿಂದ ಹಿಂದೆ ಬಿದ್ದಳು. ಗಡುವು ಮುಗಿದಿತ್ತು. ಆದರೂ ಅವಳ ಅಪ್ಪ ಇನ್ನೊಂದು ವರ್ಷ ಕೊಟ್ಟಿದ್ದಾರೆ, ಕೇಳದೆಯೇ. ಈಗ ಅವಳು ಓದುವ ವೇಳೆಗೂ ಒಂದು ಪಟ್ಟಿ ಹಾಕಿಕೊಂಡಿದ್ದಾಳೆ, ರವಿವಾರದ ಬಿಡುವು ಸೇರಿಸಿ.

ನಿಮಗೆ ನಾಲ್ಕು ಮಾತು

ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಎಲ್ಲ ವಯಸ್ಕರಿಗೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಒಂದು ಸಲಕ್ಕೆ ಇಪ್ಪತ್ತೈದು ನಿಮಿಷ ಸಾಕು. ಕುಕ್ಕರಿನಲ್ಲಿ ಬೇಳೆ ಬೆಂದು ಆರುವಷ್ಟು ಹೊತ್ತು.

ರಕ್ತದೊತ್ತಡ, ಹೃದಯದ ತೊಂದರೆ ಇರುವವರು, ಬಸುರಿ ಬಾಣಂತಿಯರು, ಎಲುಬು ಮುರಿದು ಕೂಡಿಸಿಕೊಂಡವರು ಮೊದಲು ವೈದ್ಯರನ್ನು ಕೇಳಿ. ಉಸಿರು ಬಿಗಿಹಿಡಿದು ಎತ್ತಬೇಡಿ. ಮರುದಿನ ಮಾಂಸಖಂಡ ತುಸು ನೋಯುವುದು ಸಹಜ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಕೀಲಿನಲ್ಲಿ ಚುಚ್ಚಿದಂತಾದರೆ, ಎದೆ ಹಿಡಿದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ. ಹನ್ನೆರಡು ಸಲ ಸಲೀಸಾಗಿ ಆಗುವಂತಾದಾಗ ಮಾತ್ರ ಭಾರ ಏರಿಸಿ, ಅದೂ ಸ್ವಲ್ಪವೇ. ಪಕ್ಕದ ಮನೆಯವರ ಭಾರ ನೋಡಿ ನಿಮ್ಮ ಭಾರ ಏರಿಸಬೇಡಿ.

ಮುಖ್ಯವಾಗಿ ಬರೆದಿಡಿ. ಹಾಲಿನ ಲೆಕ್ಕ, ಕಿರಾಣಿ ಲೆಕ್ಕ, ಮಕ್ಕಳ ಫೀಜಿನ ಲೆಕ್ಕ ಎಲ್ಲ ನಾವೇ ಇಡುತ್ತೇವೆ. ಆ ವಹಿಯ ಹಿಂದಿನ ಹಾಳೆಯಲ್ಲಿ ನಾಳೆಯೇ ಒಂದು ಗೆರೆ ಎಳೆದು ತಾರೀಖು ಹಾಕಿ, ‘ಕುರ್ಚಿಯಿಂದ ಎದ್ದದ್ದು – ಇಷ್ಟು ಸಲ’ ಎಂದು ಬರೆಯಿರಿ. ಅದರ ಮುಂದೆ ನಿಮ್ಮ ಹೆಸರು ಬರೆಯುವುದನ್ನು ಮರೆಯಬೇಡಿ. ನನ್ನ ವಹಿಯಲ್ಲಿ ಈಗ ಮೂರು ಹೆಸರುಗಳಿವೆ, ಮೂರನೆಯದು ನನ್ನದು. ಹೋದ ಸೋಮವಾರದ ಲೆಕ್ಕ: 20 ಕಿಲೋ ಚೀಲ, ಎಂಟು ಸಲ, ಮೂರು ಸುತ್ತು.